ಟವರಿನ ಬುಡಕ್ಕ ಏಳು ಕೊಡ ನೀರು

ಏ ರಜಿನಿ, ಆ ಮೊಬೈಲ್ ಲೈಟ್ ಆರಸವ್ವ. ಕಣ್ಣಿಗೆ ಚುಚ್ಚತೈತಿ. ಕತಿ ಹೇಳು, ಕತಿ ಹೇಳು ಅಂತ ಎಲ್ಲಾರೂ ಮಾಳಗಿ ಹತ್ತಿ ಕುಂತೀರಿ. ಕೇಳೂದಾದ್ರ ಸುಮ್ಮನ ಕೇಳ್ರಿ. ನಡುವ ಕಿಸಿಕಿಸಿ ನಕ್ರ ನಾ ಎದ್ದು ಮಲಕ್ಕೊಳಾಕ ಹೋಗಾಕಿ. ಮೊದಲೇ ನನ್ನ ನಡಾ ನೋಯಾಕತ್ತೈತಿ.

ಇದು ಯಾರೋ ಹೇಳಿದ್ದಲ್ಲ. ನನ್ನ ಚಿಕ್ಕಪ್ಪನ ಮಗ ಭೀಮಶಂಕರ ಅದಾನಲ್ಲ, ರೇಡಿಯೋ ಸ್ಟೇಷನ್ನಿನ ಇಂಜಿನಿಯರು, ಅವಗ ಆಗಿದ್ದು. ಹೋದ ವರ್ಷ ಮೇ ತಿಂಗಳದಾಗ. ಅರ್ಧ ನಾನೇ ನನ್ನ ಕಿವಿಲೇ ಕೇಳೀನಿ... ಕಡೀಕ ನನ್ನ ನಾಲಿಗಿನೂ ಸಾಕ್ಷಿ ಐತಿ. ಅದು ಆಮ್ಯಾಲೆ ಹೇಳ್ತೀನಿ.

ಆವತ್ತು ಬುಧವಾರ. ಕಡೀ ಬಸ್ಸು ಅವನ್ನ ಮಕ್ತಲ್ ಹೊರಗ ರೋಡಿನ ಮ್ಯಾಲೆ ಇಳಿಸಿ ಹೋತು. ರಾತ್ರಿ ಹನ್ನೊಂದೂವರಿ. ಅಲ್ಲಿಂದ ಸ್ಟೇಷನ್ನಿಗೆ ಒಂದು ಮೈಲು ಕಾಲುದಾರಿ, ಎರಡೂ ಕಡೆ ಬೋಳು ಹೊಲ. ಹೆಗಲಿಗೆ ಸಿಗ್ನಲ್ ಅಳೆಯೋ ಮೀಟರು, ಅದೊಂದು ಕಲ್ಲಿನಂಥ ಪೆಟಿಗಿ. ಮುಂಜಾನೆಯಿಂದ ಜೂರಾಲ, ಗದ್ವಾಲ್, ಐಜ ಅಂತ ಊರೂರು ಬಿಸಲಾಗ ತಿರಗಿ ತಿರಗಿ ಹೈರಾಣಾಗಿದ್ದ. ಹೊಟ್ಟಿಗೆ ಹಾಕ್ಕೊಂಡಿದ್ದು ಎರಡು ಬಾಳೆಹಣ್ಣು, ಅಷ್ಟೇ.

ಸ್ಟೇಷನ್ನಿನ ತಂತಿಬೇಲಿ ಒಳಗ, ಟವರಿನ ಹಂತೇಲಿ, ನಿಜಾಮನ ಕಾಲದ ಒಂದು ಬಾವಿ ಐತಿ. ಅದನ್ನ ದಾಟೇ ಅವನ ಕ್ವಾರ್ಟರ್ಸಿಗೆ ಹೋಗಬೇಕು. ಬಾವಿ ಇನ್ನಾ ಇಪ್ಪತ್ತು ಹೆಜ್ಜಿ ಇರೂವಾಗ ಕೇಳ್ತು...

ಕಿರ್ರ್... ಕಿರ್ರ್... ಕಿರ್ರ್...

ನೀರು ಸೇದೋ ಗಡಗಡಿ ಸಪ್ಪಳ.

ಇವ ನಿಂತ. ಸಪ್ಪಳಾನೂ ನಿಂತಿತು. ಆಮ್ಯಾಲೆ... ದುಬುಕ್. ಕೊಡ ನೀರಿಗೆ ಬಿದ್ದಿದ್ದು. ಗುಳುಗುಳು ಅಂತ ತುಂಬಿದ್ದು. ಮತ್ತ ಕಿರ್ರ್... ಕಿರ್ರ್... ಈ ಸಲ ನಿಧಾನ, ಭಾರ ಎಳದಂಗ.

ಯಾರೋ ನೀರು ಸೇದ್ಯಾರ, ಅದರಾಗೇನು ಅಂತೀರಿ ನೀವು. ಆ ಬಾವಿ ಬಾಯಿಗೆ ಕಬ್ಬಿಣದ ಜಾಳಗಿ ಹಾಕಿ ಕೀಲಿ ಜಡದು ನಾಕು ತಿಂಗಳಾಗಿತ್ತು. ಹಗ್ಗ, ಕೊಡ ಎರಡೂ ಸ್ಟೋರ್ ರೂಮಿನಾಗ ಬಿದ್ದಿದ್ವು. ಕೀಲಿಕೈ ಇವನ ಕಿಸೇದಾಗ.

ಇವ ಓಡಲಿಲ್ಲ. ಓಡಾಕ ತ್ರಾಣ ಎಲ್ಲಿತ್ತು? ದಣದು ಕಿವಿ ಗುಂಯ್ ಅನ್ನಾಕತ್ತಾವ ಅಂದ್ಕೊಂಡು ಹೋಗಿ ಹಂಗ ಬಿದ್ಕೊಂಡ.

ಈಗ ಸ್ಟೇಷನ್ನಿನ ಸಂಗತಿ ಹೇಳಬೇಕು, ಇಲ್ಲಂದ್ರ ನಿಮಗ ತಿಳೀಲಿಕ್ಕಿಲ್ಲ. ಯಾವ ಸ್ಟೇಷನ್ನು, ಹೆಸರೇನು ಅಂತ ಕೇಳಬ್ಯಾಡ್ರಿ. ನಾ ಅಲ್ಲೇ ಸಂಜೀ ಹೊತ್ತು ಕನ್ನಡ ಕಾರ್ಯಕ್ರಮ ಓದಾಕಿ, ನನ್ನ ನೌಕರಿಗೆ ಕಲ್ಲು ಹಾಕ್ಕೊಳ್ಳಂಗಿಲ್ಲ. ಅದು ಎಫ್‌ಎಂ ಅಲ್ಲ, ಹಳೇ ಎ.ಎಂ. ಸ್ಟೇಷನ್ನು. ಇದರ ದನಿ ನೆಲ ಹಿಡದು ಹೋಗತೈತಿ. ಟವರಿನ ಬುಡದಿಂದ ಸುತ್ತಾ ನೂರಿಪ್ಪತ್ತು ತಾಮ್ರದ ತಂತಿ ನೆಲದಾಗ ಹೂತಾರ. ಬುಡಕ್ಕ ಒಂದು ಗುಂಡಿ, ಅದರಾಗ ಉಪ್ಪು, ಇದ್ದಲಿ. ಆ ನೆಲ ತಂಪಿದ್ರ ದನಿ ಐಜ ದಾಟಿ ಹೋಗತೈತಿ. ನೆಲ ಒಣಗಿದ್ರ ಜೂರಾಲ ಕಟ್ಟೆ ಮುಟ್ಟೂದ್ರಾಗ ಉಬ್ಬಸ ಹಿಡಿತೈತಿ. ನಮ್ಮದು ಕರೇ ಭೂಮಿ, ಬ್ಯಾಸಗ್ಯಾಗ ಕಾಲು ಹೊಕ್ಕೋವಷ್ಟು ಬಿರುಕು ಬಿಡತೈತಿ, ನೋಡೀರಲ್ಲ?

ಹೋದ ವರ್ಷ ಅದೇ ಆಗಿತ್ತು. ಗದ್ವಾಲ್‌ದಾಗ ಬರೇ ಖರ್‌ಖರ್. ಐಜದಾಗ ಅದೂ ಇಲ್ಲ. ದನಿ ಮುಟ್ಟಲಿಲ್ಲಂದ್ರ ಜಾಹೀರಾತು ಯಾರು ಕೊಡ್ತಾರ? ಗದ್ವಾಲ್ ಸೀರಿ ಅಂಗಡಿಯವರು ಬಿಟ್ರು, ಎಣ್ಣಿ ಗಾಣದವರು ಬಿಟ್ರು. ಮ್ಯಾಲಿನವರಿಂದ ಕಾಗದ ಬಂತು. ಜೂನ್ ಮುಗಿಯೂದ್ರಾಗ ಜಾಹೀರಾತು ಬರಲಿಲ್ಲಂದ್ರ ಸಂಜೀ ಪ್ರಸಾರ ಬಂದ್, ಗುತ್ತಿಗಿ ಮ್ಯಾಲಿದ್ದ ಆರೂ ಮಂದಿ ಮನಿಗೆ. ಆ ಆರು ಮಂದ್ಯಾಗ ಭೀಮಶಂಕರ ಒಬ್ಬ, ನಾ ಒಬ್ಬಾಕಿ. ಹದಿನಾಕು ವರ್ಷ ಓದೀನಿ ನಾನು, ಗಂಟಲ ಹರಕೊಂಡೀನಿ. ಕಾಗದ ನೋಡಿ ನನಗ ಸಿಟ್ಟೂ ಬರಲಿಲ್ಲ, ಬರೇ ಸುಸ್ತಾತು.

ಉಳಿದಿದ್ದ ಒಂದೇ ಆಸರಾ ಐಜದ ಆಂಜನೇಯುಲು. ಬೀಜ, ಗೊಬ್ಬರದ ದೊಡ್ಡ ಅಂಗಡಿ ಅವರದು. ಹತ್ತಿ, ಶೇಂಗಾ ಬೆಳೆಯೋರೆಲ್ಲಾ ಅಲ್ಲೇ ಬರ್ತಾರ. ಅವರು ಜಾಹೀರಾತು ಕೊಟ್ರ ನಾಕು ಮಂದಿ ಹಿಂದ ಬರ್ತಾರ. ಆದ್ರ ಅವರು ಒಂದೇ ಮಾತು ಹಿಡದು ಕುಂತಿದ್ರು, "ನಾ ದುಕಾಣಂ ಪೇರು ನಾ ದುಕಾಣಂಲನೇ ಇನಪಡಕಪೋತೆ ಎಟ್ಲ ಸಾರೂ?" ನನ್ನ ಅಂಗಡಿ ಹೆಸರು ನನ್ನ ಅಂಗಡ್ಯಾಗೇ ಕೇಳಲಿಲ್ಲಂದ್ರ ಹೆಂಗ ಅಂತ. ಅವರ ಮಾತೂ ಖರೆ. ಕಡೀಕ ಒಂದು ದಿನ ಗೊತ್ತು ಮಾಡಿದ್ರು. ಬರೋ ಸೋಮವಾರ ಸಂಜೀ ಏಳಕ್ಕ ಅಂಗಡ್ಯಾಗ ರೇಡಿಯೋ ಇಡ್ತೀನಿ, ನಾಕು ಮಂದೀನ್ನ ಕೂಡಸ್ತೀನಿ, ಚಂದ ಕೇಳಿದ್ರ ಒಂದು ವರ್ಷಕ್ಕ ಸಹಿ ಹಾಕ್ತೀನಿ ಅಂದ್ರು.

ಭೀಮಶಂಕರ ಮಾಡದ್ದು ಏನೂ ಉಳಿದಿದ್ದಿಲ್ಲ. ಕಳುವಾದ ತಂತಿ ಜಾಗಾದಾಗ ಹೊಸಾದು ಹೂಳಿಸಿದ. ಗುಂಡಿಗೆ ಯಾವುದೋ ಪುಡಿ ತುಂಬಿಸಿದ. ಟ್ಯಾಂಕರ್ ತರಿಸಿ ನೀರು ಹೊಯ್ಸಿದ. ಆ ನೀರೆಲ್ಲಾ ಬಿರುಕಿನಾಗ ಸೊರ್ರ್ ಅಂತ ಇಳದು ಹೋತು, ಮೀಟರಿನ ಮುಳ್ಳು ಅಲ್ಲಾಡಲಿಲ್ಲ.

ಈಗ ನರಸಯ್ಯ ತಾತನ ಸುದ್ದಿ. ಸುಮ್ಮನ ಕೇಳ್ರಿ.

ತಾತ ಅಲ್ಲಿ ರಾತ್ರಿ ಕಾವಲು ಇದ್ದ. ಕುರುಬರವ, ಬೀರಪ್ಪನ ಭಕ್ತ. ಮೂವತ್ತೊಂದು ವರ್ಷ ದಿನಗೂಲಿ ಮ್ಯಾಲೇ ದುಡದ, ಕಾಯಂ ಮಾಡಲಿಲ್ಲ ಯಾರೂ. ರಾತ್ರಿ ಹನ್ನೊಂದಕ್ಕ ಪ್ರಸಾರ ಮುಗಿದು ಟವರಿನ ಕರೆಂಟ್ ತಗದ ಮ್ಯಾಲೆ ಅವನ ಕೆಲಸ ಸುರು. ಪ್ರಸಾರ ನಡದಾಗ ಟವರ್ ಹತ್ತ್ರ ಹೋಗಂಗಿಲ್ಲ, ಸುಟ್ಟು ಹೋಗ್ತೀರಿ. ಬಾವಿಯಿಂದ ಏಳು ಕೊಡ ನೀರು ಸೇದಾವ. ಕೊಡಕ್ಕೊಂದು ಮುಷ್ಟಿ ಕಲ್ಲುಪ್ಪು. ಗುಂಡಿಗೆ ಮೂರು, ಬುಡದ ಸುತ್ತಾ ನಾಕು. ಒಮ್ಮೆಲೆ ಸುರುವಾವಲ್ಲ... ಕೂಸಿಗೆ ನೀರು ಹಾಕಿದಂಗ ಸಣ್ಣಗ, ಬಿರುಕು ಮುಚ್ಚೋತನ ಹಾಕಾವ. ಯಾವ ಇಂಜಿನಿಯರು ಕಲಿಸಿದ್ನೋ, ತಾನೇ ಕಲ್ತನೋ, ಗೊತ್ತಿಲ್ಲ. ನಮ್ಮ ಭೀಮಶಂಕರ ನಗಾವ. "ತಾತ, ಟವರಿಗೆ ಪೂಜಿ ಮುಗೀತೇನು?" ಅನ್ನಾವ.

ಇನ್ನೊಂದು ಪದ್ಧತಿ ಇತ್ತು ಅಲ್ಲಿ. ಯಾರೂ ಡ್ಯೂಟಿ ಬಿಟ್ಟು ಹಂಗ ಎದ್ದು ಹೋಗಂಗಿಲ್ಲ. ಬದಲಿ ಬಂದವರು ಎದುರಿಗೆ ನಿಂತು "ಚಾರ್ಜ್ ತಗೊಂಡೆ, ನೀ ನಡಿ" ಅನ್ನಬೇಕು. ಪಗಾರದವರು ರಿಜಿಸ್ಟರ್‌ದಾಗ ಸಹಿ ಮಾಡ್ತಿದ್ರು. ತಾತನ ಹೆಸರು ರಿಜಿಸ್ಟರ್‌ದಾಗ ಎಲ್ಲಿತ್ತು? ಅವಗ ಬಾಯಿಮಾತೇ ಸಹಿ. ಬಂದ ಕೂಡಲೇ ಗೇಟ್ ರೂಮಿನ ಮೊಳಿಗೆ ಕರೇ ಕಂಬಳಿ ತೂಗು ಹಾಕಾವ. "ನೀ ನಡಿ" ಅಂದ ಮ್ಯಾಲೇ ಅದನ್ನ ತಗದು ಹೆಗಲಿಗೆ ಹಾಕ್ಕೊಳ್ಳಾವ. ಒಂದು ಸಲ ಅಂವಗ ಬದಲಿ ಬರಾಕ ಮಧ್ಯಾಹ್ನ ಆತು... ಅಲ್ಲೀತನ ಉಪವಾಸ ಕುಂತಿದ್ದ ಪುಣ್ಯಾತ್ಮ.

ಹೋದ ವರ್ಷ ಜನವರ್ಯಾಗ ತಾತಗ ಜ್ವರ ಬಂದಿತ್ತು. ಮೈ ಕೆಂಡ. ಆವತ್ತು ಭೀಮಶಂಕರ ಸಿಗ್ನಲ್ ಅಳೆಯಾಕ ಗದ್ವಾಲ್‌ಗೆ ಹೋಗಿದ್ದ. "ರಾತ್ರಿ ಹತ್ತಕ್ಕ ಬಂದು ನಿನ್ನ ಬಿಡಸ್ತೀನಿ ತಾತ" ಅಂದಿದ್ದ. ಬಸ್ ತಪ್ಪಿತು. ಗೆಳೆಯಾರು ಊಟಕ್ಕ ಇರು ಅಂದ್ರು, ಇದ್ದ. ಫೋನ್ ಮಾಡಿ, "ನಾ ಬರೋತನ ನೋಡ್ಕೋ ತಾತ, ಒಂದ್ ರಾತ್ರಿ ಏನಾಗತೈತಿ" ಅಂದ.

ತಾತ "ಆತ್ರಿ ಸಾರು" ಅಂದ್ನಂತ.

ಮುಂಜಾನೆ ಗೇಟಿನ ಆಶಪ್ಪ ಬಂದು ನೋಡಿದ್ರ ತಾತ ಬಾವಿ ಕಟ್ಟಿಗೆ ಆತುಕೊಂಡು ಕುಂತಾನ. ಕೊಡ ಮಗ್ಗಲಿಗೆ ಐತಿ. ಟವರಿನ ಬುಡ ಹಸಿ ಐತಿ. ಏಳೂ ಕೊಡ ಹಾಕಿ ಕುಂತಾವ, ಕುಂತಲ್ಲೇ ಹೋಗಿಬಿಟ್ಟಿದ್ದ.

ಮಣ್ಣು ಮಾಡೂ ಗದ್ದಲದಾಗ ಕಂಬಳಿ ಮೊಳಿಗೇ ಉಳೀತು. ಹನ್ನೊಂದು ದಿನ ಆದ ಮ್ಯಾಲೆ ಅವನ ಹೆಣ್ತಿ ಪೆಂಟಮ್ಮ ಕೇಳಾಕ ಬಂದ್ಲು. ಆವತ್ತೂ ನಮ್ಮ ಸಾಹೇಬ ಊರಾಗಿಲ್ಲ. ಆಶಪ್ಪ, "ಸಾರು ಬರೋತನ ಏನೂ ಮುಟ್ಟಬ್ಯಾಡ ಅಂದಾರಮ್ಮ" ಅಂದ. ನಾಕು ಮೈಲು ನಡಕೊಂತ ಬಂದಾಕಿ, ನಾಕು ಮೈಲು ಹಂಗೇ ನಡಕೊಂತ ಹೋದ್ಲು. ಮತ್ತ ಕೇಳಾಕ ಬರಲಿಲ್ಲ. ಇವಗೂ ನೆನಪಾಗಲಿಲ್ಲ. ಬಾವಿಗೆ ಯಾರಾರ ಬಿದ್ದಾರು ಅಂತ ಆ ವಾರದಾಗೇ ಜಾಳಗಿ ಹಾಕಿ ಕೀಲಿ ಜಡದ. ಏಳು ಕೊಡದ ಸುದ್ದಿ ಅಲ್ಲಿಗೆ ಮುಗೀತು ಅಂದ್ಕೊಂಡ್ವಿ ಎಲ್ಲಾರೂ.

ಹೂಂ. ಬುಧವಾರ ರಾತ್ರಿ ಸಪ್ಪಳ ಕೇಳಿ ಮಲಕ್ಕೊಂಡನಲ್ಲ... ಗುರುವಾರ ಮುಂಜಾನೆ ಎದ್ದು ನೋಡ್ತಾನ, ಟವರಿನ ಬುಡ ಹಸಿ. ಗುಂಡಿ ಸುತ್ತಾ ಹಸಿ, ಬಿರುಕೆಲ್ಲಾ ಮೆತ್ತಗ ಮುಚ್ಚಿದ್ದು. ಮೀಟರ್ ಹೊತಗೊಂಡು ಜೂರಾಲ ಕಟ್ಟೆ ಮ್ಯಾಲೆ ಹೋಗಿ ನಿಂತ. ಮುಳ್ಳು ಏರೈತಿ. ಗದ್ವಾಲ್ ಕೋಟಿ ಮುಂದ ನಿಂತ, ಅಲ್ಲೂ ಏರೈತಿ. ಐಜಕ್ಕ ಹೋದ. ಬಸ್ ಸ್ಟ್ಯಾಂಡಿನ ಚಾದಂಗಡ್ಯಾಗ ಕಿಸೇದಾಗಿನ ರೇಡಿಯೋ ಹಚ್ಚಿದ. ಸಣ್ಣಗ... ಆದ್ರ ಚೊಕ್ಕ, ನಮ್ಮ ಸ್ಟೇಷನ್ನು! ಅವನ ಕಣ್ಣಾಗ ನೀರು ಬಂದ್ವಂತ.

ಸಂಜೀಕ ಬಂದಾವನೇ ಆಶಪ್ಪನ್ನ ಕರದ. "ಯಾವ ಪುಣ್ಯಾತ್ಮ ನೀರು ಹಾಕ್ಯಾನೋ ಬುಡಕ್ಕ? ನೀ ಏನು?"

ಆಶಪ್ಪ ಬಾವಿ ಕಡೆ ನೋಡಿದ. ಇವನ ಕಿಸೆ ಕಡೆ ನೋಡಿದ. "ಕೀಲಿಕೈ ನಿಮ್ಮ ಹತ್ತ್ರ ಐತಲ್ರಿ ಸಾರು," ಅಂದ. ಆಮ್ಯಾಲೆ ಸಣ್ಣ ದನ್ಯಾಗ ಅಂದ, "ನಾ ಎಂಟು ದಿನದಿಂದ ಕೇಳಾಕತ್ತೀನಿ. ಮೊದಲು ಒಂದು ಕೊಡ ಇತ್ತು... ನಿನ್ನೆ ಏಳೂ ಆದ್ವು. ನಾ ರಾತ್ರಿ ಗೇಟ್ ರೂಮ್ ಬಿಟ್ಟು ಹೊರಗ ಬರಾವಲ್ಲ. ನನ್ನ ಕೇಳಬ್ಯಾಡ್ರಿ."

ಆ ರಾತ್ರಿ ಭೀಮಶಂಕರ ಕ್ವಾರ್ಟರ್ಸಿನ ಮೆಟ್ಟಲ ಮ್ಯಾಲೆ ಕುಂತ. ಹನ್ನೊಂದಕ್ಕ ಪ್ರಸಾರ ಮುಗೀತು. ಟ್ರಾನ್ಸ್‌ಮಿಟರಿನ ಫ್ಯಾನು ಸುಯ್ಯ್... ಅಂತ ನಿಂತಿತು. ನಾಯಿ ಒಂದೂ ಇಲ್ಲ. ಗಾಳಿ ಇಲ್ಲ.

ಕಿರ್ರ್... ಕಿರ್ರ್...

ದುಬುಕ್.

ಆಮ್ಯಾಲೆ ಹೆಜ್ಜಿ. ಚಪ್... ಚಪ್... ಹಸಿ ಕಾಲಿನ ಹೆಜ್ಜಿ, ಬಾವಿಯಿಂದ ಟವರಿಗೆ. ಕೊಡ ನೆಲಕ್ಕಿಟ್ಟ ಸಪ್ಪಳ, ಠಣ್. ನೀರು ಸಣ್ಣಗ ಸುರದಿದ್ದು... ಬಹಳ ಹೊತ್ತು. ಕಣ್ಣಿಗೆ ಏನೂ ಕಾಣಲಿಲ್ಲ. ಬರೇ ನೆಲ ಕರ್ರಗಾಗಿಕೊಂತ ಹೋತು.

ನಾಕನೇ ಕೊಡಕ್ಕ ಹೆಜ್ಜಿ ನಿಂತ್ವು. ಕೆಮ್ಮು. ತಾತನ ಕೆಮ್ಮು, ಎರಡು ಸಲ ಸಣ್ಣದು, ಒಂದು ಸಲ ಉದ್ದ. ಆಮ್ಯಾಲೆ ಪಿಸುದನಿ.

"ಸಾರೂ... ಬಂದ್ರೇನ್ರಿ?"

ಇವ ಹೌದು ಅನ್ನಬೇಕಿತ್ತು. ಅನ್ನಲಿಲ್ಲ.

ಮತ್ತ ಕಿರ್ರ್... ಕಿರ್ರ್...

ಶುಕ್ರವಾರ ನಮ್ಮ ಮನಿಗೆ ಬಂದು ಎಲ್ಲಾ ಹೇಳಿದ. ನಾ ಚಾ ಕುದಸಾಕತ್ತಿದ್ದೆ, ಉಕ್ಕಿ ಹೋತು. ನನಗ ಮೊದಲು ಬಂದಿದ್ದು ಹೆದರಿಕಿ ಅಲ್ಲ, ಸಿಟ್ಟು.

"ಬಂದೆ ಅಂತ ಒಂದು ಮಾತು ಅನ್ನಾಕ ಏನಾಗಿತ್ತೋ ನಿನಗ? ಬಾಯಾಗ ಏನು ಇಟ್ಕೊಂಡಿದ್ದಿ? ಅಂವ ನಿನ್ನ ಬದಲಿ ಕಾಯಾಕತ್ತಾನ!"

"ಗೊತ್ತೈತಿ ಗಂಗಕ್ಕ." ತಲಿ ಬಗ್ಗಿಸಿ ಕುಂತಿದ್ದ. "ನಾ ಬಂದೆ ಅಂದ್ರ ಅಂವ ಹೋಗಿಬಿಡ್ತಾನ. ಅಂವ ಹೋದ ಮ್ಯಾಲೆ ನೆಲ ಮತ್ತ ಒಣಗಿದ್ರ? ಟ್ಯಾಂಕರ್ ನೀರಿಗೆ ಏನಾತು ನೋಡಿದಿ. ಸೋಮವಾರತನ ಅಕ್ಕಾ... ಇನ್ನಾ ಮೂರು ರಾತ್ರಿ, ಅಷ್ಟೇ. ಆರು ಮಂದಿ ಅನ್ನ ಐತಿ ಅದರಾಗ."

ಈಗ ಖರೆ ಹೇಳ್ತೀನಿ. ನಾ ಬೈಬೇಕಿತ್ತು, ಎಬ್ಬಿಸಿಕೊಂಡು ಹೋಗಿ ಅವನ ಬಾಯಿಲೇ ಅನ್ನಿಸಬೇಕಿತ್ತು. ಆ ಆರು ಮಂದ್ಯಾಗ ನಾನೂ ಇದ್ದೆನಲ್ಲ. ಉಕ್ಕಿದ ಚಾ ಒರಸಿಕೊಂತ ನಿಂತೆ.

ರವಿವಾರ ನನ್ನ ಡ್ಯೂಟಿ ಕಡೀತನ ಇತ್ತು. ಪ್ರಸಾರ ಮುಗಿಸಿ, ನಾನೂ ಕೇಳ್ತೀನಿ ಅಂತ ಅವನ ಜೋಡಿ ಮೆಟ್ಟಲ ಮ್ಯಾಲೆ ಕುಂತೆ. ಹೋಗೂಮುಂದ ಗೇಟ್ ರೂಮಿನಾಗ ಮೊಳಿ ನೋಡಿದೆ. ಕಂಬಳಿ ಹಂಗೇ ಇತ್ತು. ಧೂಳ ಕುಂತು, ಜ್ಯಾಡ ಬಲಿ ಕಟ್ಟಿತ್ತು. ಒಣಾ ಕಂಬಳಿ. ಇದನ್ನ ನೆನಪಿಟ್ಕೊಳ್ರಿ.

ಕೇಳ್ತು. ದೇವರಾಣಿ, ಕೇಳ್ತು. ತಮ್ಮ ಹೇಳಿದಂಗ ಅಲ್ಲ, ಅದಕ್ಕಿಂತ ಬ್ಯಾರೆ. ಗಡಗಡಿ ಎರಡು ಸುತ್ತು ತಿರಗಿ ನಿಲ್ಲೂದು... ದಮ್ ಹಿಡದು ಮತ್ತ ಒಂದು ಸುತ್ತು. ಹೆಜ್ಜಿ ಚಪ್ ಚಪ್ ಅನ್ನೂದು ಹೋಗಿ ಸರ್ರ್... ಸರ್ರ್... ಕಾಲು ಎಳಿಯೂದು. ಐದನೇ ಕೊಡ ತಾತ ಅರ್ಧ ದಾರ್‍ಯಾಗ ಇಳಿಸಿದ. ಠಣ್ ಅಂತು. ಉಸಿರು ಬಿಟ್ಟ. "ಬೀರಪ್ಪಾ..." ಅಂದ. ನನ್ನಿಂದ ಹತ್ತು ಹೆಜ್ಜಿ ದೂರ.

ಸತ್ತಾವರಿಗೆ ದಣಿವು ಇರತೈತಿ ಅಂತ ನನಗ ಗೊತ್ತಿದ್ದಿಲ್ಲ ರಜಿನಿ. ಸತ್ರ ಅದೊಂದಾದ್ರೂ ತಪ್ಪತೈತಿ ಅಂದ್ಕೊಂಡಿದ್ದೆ.

"ಸಾರೂ... ಬಂದ್ರೇನ್ರಿ?"

ನಾ ತಮ್ಮನ ಮೊಣಕೈ ತಿವಿದೆ. ಅಂವ ನನ್ನ ಕೈ ಗಟ್ಟ್ಯಾಗಿ ಹಿಡಕೊಂಡ, ಬಳಿ ಒಡದು ಹೋದ್ವು. ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ.

ಆಮ್ಯಾಲೆ ತಾತ ತನಗ ತಾನೇ ಅಂದ್ಕೊಂಡ, "ಬರ್ತಾರ... ಬರ್ತಾರ ತಗೋ." ಕೊಡ ಎತ್ತಿದ.

ಮನಿಗೆ ಹೋಗೋತನ ಅತ್ತೀನಿ ನಾನು. ಸೆರಗು ತೊಯ್ದು ಹೋಗಿತ್ತು.

ಸೋಮವಾರ ಬಂತು. ಭೀಮಶಂಕರ ಮಧ್ಯಾಹ್ನವೇ ಐಜಕ್ಕ ಹೋದ. ಏಳಕ್ಕ ನಾ ಮೈಕಿನ ಮುಂದ ಕುಂತೆ. ಹವಾಮಾನ ಓದಿದೆ, ಶೇಂಗಾ ಧಾರಣಿ ಓದಿದೆ, ಆಮ್ಯಾಲೆ ಆಂಜನೇಯುಲು ಅಂಗಡಿ ಹೆಸರು ಓದಿದೆ. ಏಳೂ ಇಪ್ಪತ್ತಕ್ಕ ಫೋನ್ ಬಂತು. ಆಂಜನೇಯುಲೇ ಮಾತಾಡಿದ್ರು. "ಅಮ್ಮಾ, ಮಾ ಇಂಟ್ಲ ಕೂಸೋನಿ ಚದಿವಿನಟ್ಲೇ ಉನ್ನದಿ!" ನಮ್ಮ ಮನ್ಯಾಗೇ ಕುಂತು ಓದಿದಂಗ ಐತಿ ಅಂತ. ಸಹಿ ಹಾಕಿದ್ರು. ಒಂದು ವರ್ಷಕ್ಕ. ಗದ್ವಾಲ್ ಸೀರಿ ಅಂಗಡಿಯವರು ಇಬ್ಬರು ಅಲ್ಲೇ ಕುಂತಿದ್ರಂತ, ಅವರೂ ಹೂಂ ಅಂದ್ರು.

ಸ್ಟುಡಿಯೋದಾಗ ಎಲ್ಲಾರೂ ಪೇಡೆ ಹಂಚಿದ್ರು. ನಾ ಬಾಯಾಗ ಹಾಕ್ಕೊಂಡೆ, ರುಚಿ ಹತ್ತಲಿಲ್ಲ.

ಒಂಬತ್ತಕ್ಕ ಭೀಮಶಂಕರನ ಫೋನು. ಹಿಂದ ತಾಟು ಲೋಟದ ಸಪ್ಪಳ. "ಗಂಗಕ್ಕ, ಆಂಜನೇಯುಲು ಅವರು ಊಟಾ ಮಾಡದ ಬಿಡವಲ್ರು. ಗದ್ವಾಲ್‌ಗೆ ಹೋಗೂದ್ರಾಗ ಕಡೀ ಬಸ್ ಹೋಗಿರತೈತಿ. ಇಲ್ಲೇ ಮಲಕ್ಕೊಂಡು ಮುಂಜಾನೆ ಬರ್ತೀನಿ. ತಾತಗ ನಾಳೆ ಹೇಳಿದ್ರಾತು... ಒಂದ್ ರಾತ್ರಿ ಏನಾಗತೈತಿ?"

ನನ್ನ ಕಿವಿ ಮ್ಯಾಲೆ ನನಗ ನಂಬಿಕಿ ಬರಲಿಲ್ಲ.

"ಏನಂದಿ? ಇನ್ನೊಮ್ಮೆ ಅನ್ನು."

ಫೋನ್ ಹಿಡಕೊಂಡು ಹೊರಗ ಬಂದ, ತಾಟಿನ ಸಪ್ಪಳ ದೂರಾತು.

"ಜನವರ್ಯಾಗೂ ಇದೇ ಮಾತು ಅಂದಿದ್ದಿ. ಇದೇ ಊಟ, ಇದೇ ಬಸ್ಸು! ನಾಚಿಕಿ ಬರೂದಿಲ್ಲೇನೋ ನಿನಗ? ನಿನ್ನ ಕೆಲಸ ಆತು, ನನ್ನ ಕೆಲಸ ಆತು. ಅಂವ ಇನ್ನಾ ಹೊರಾಕತ್ತಾನ. ನೀ ನಡಕೊಂತರೆ ಬಾ, ಉಳ್ಳಿಕೊಂತರೆ ಬಾ, ಈ ರಾತ್ರಿ ಬಾ. ಇಲ್ಲಂದ್ರ ನನ್ನ ತಮ್ಮ ಅಂತ ಇನ್ನ ನನ್ನ ಹೊಸ್ತಲ ತುಳೀಬ್ಯಾಡ."

ಫೋನ್ ಕಟ್ಟಾತು. ನಾ ಮನಿಗೆ ಹೋಗಲಿಲ್ಲ. ಗೇಟ್ ರೂಮಿನಾಗ ಆಶಪ್ಪನ ಜೋಡಿ ಕುಂತೆ, ಬಾಗಲ ಹಾಕ್ಕೊಂಡು. ಹನ್ನೊಂದಾತು. ಸಪ್ಪಳ ಸುರು ಆತು. ಒಂದು ಕೊಡ. ಎರಡು. ನಡು ನಡುವ ಎಷ್ಟು ಹೊತ್ತು ಅಂತೀರಿ... ನಾಕನೇದು ಆಗೂದ್ರಾಗ ಒಂದು ಗಂಟಿ. ಐದು. ಆಶಪ್ಪ ಕಿವ್ಯಾಗ ಬಟ್ಟಿ ತುರಕ್ಕೊಂಡು ಕುಂತಿದ್ದ.

ಎರಡರ ಸುಮಾರು ಗಾಡಿ ಸಪ್ಪಳ. ತಮ್ಮ ಹತ್ತಿ ಕಾಳಿನ ಲಾರಿ ಹಿಡದು ಬಂದಿದ್ದ. ಕೂದಲೆಲ್ಲಾ ಧೂಳು. ಸ್ಟೋರ್ ರೂಮ್ ತಗದು ಹಗ್ಗ, ಕೊಡ ತಗೊಂಡ. ಬಾವಿ ಹತ್ತ್ರ ಹೋದ. ನಾ ಕಿಟಕ್ಯಾಗ ನಿಂತು ಕೇಳಾಕತ್ತಿದ್ದೆ.

"ತಾತ." ದನಿ ಒಡದಿತ್ತು. "ಬಂದೆ ತಾತ. ನಾ ಬಂದೆ."

ಬರೇ ಉಸಿರು... ಭಾರ ಉಸಿರು.

"ತಡಾ ಆತು ತಾತ, ತಪ್ಪಾತು. ಚಾರ್ಜ್ ತಗೊಂಡೆ. ನೀ ನಡಿ."

ಪಿಸುದನಿ ಬಂತು.

"ಎರಡು ಉಳದಾವ್ರಿ ಸಾರು."

"ನಾ ಹಾಕ್ತೀನಿ."

"ಸಣ್ಣಗ ಹಾಕ್ರಿ..."

ಅಷ್ಟೇ. ಕೀಲಿಗೆ ತುಕ್ಕು ಹಿಡದಿತ್ತು. ನಾಕು ತಿಂಗಳ ಯಾರೂ ಮುಟ್ಟಿದ ಕೀಲಿ ಅಲ್ಲ ಅದು. ಕಲ್ಲಿಲೆ ಬಡದು ತಗದ. ಎರಡು ಕೊಡ ಸೇದಿದ. ಉಪ್ಪು ಹಾಕಿ, ಕೂಸಿಗೆ ಹಾಕಿದಂಗ ಸಣ್ಣಗ ಹಾಕಿದ. ಹಾಕಿಕೊಂತ ಗಳಗಳ ಅತ್ತ. ಬಂದು ನನ್ನ ಮುಂದ ನೆಲದ ಮ್ಯಾಲೇ ಕುಂತುಬಿಟ್ಟ. ಇಬ್ಬರೂ ಅಲ್ಲೇ ನಿದ್ದಿ ಹೋದ್ವಿ.

ಆಶಪ್ಪ ಕೂಗಿದಾಗ ಎಚ್ಚರಾತು. ಇನ್ನಾ ಪೂರಾ ಬೆಳಗಾಗಿದ್ದಿಲ್ಲ. ಅಂವ ಮೊಳಿ ಕಡೆ ಬಟ್ಟು ಮಾಡಿ ನಿಂತಿದ್ದ. ಜ್ಯಾಡನ ಬಲಿ ಹರದು ಜೋತಾಡಾಕತ್ತಿತ್ತು. ಕಂಬಳಿ ಇಲ್ಲ. ಬಾಗಲ ಒಳಗಿಂದ ಚಿಲಕ ಹಾಕಿದ್ದು ಹಂಗೇ ಇತ್ತು. ನಾವು ಮೂವರೂ ಅಲ್ಲೇ ಮಲಗಿದ್ವಿ.

ಆಶಪ್ಪನ ಮೋಟರ್‌ಸೈಕಲ್ ಮ್ಯಾಲೆ ತಮ್ಮ, ಹಿಂದ ನಾನು, ಸೀದಾ ಪೆಂಟಮ್ಮನ ಮನಿಗೆ ಹೋದ್ವಿ. ನಾಕು ಮೈಲು. ಆಕಿ ಅಂಗಳಕ್ಕ ಕಸ ಹೊಡಿಯಾಕತ್ತಿದ್ಲು. ಅಂಗಳದ ಸುತ್ತಿನ ಪೌಳಿ ಗ್ವಾಡಿ ಮ್ಯಾಲೆ ಕರೇ ಕಂಬಳಿ ಹಾಸಿತ್ತು. ತೊಯ್ದು ತೊಪ್ಪಿ. ತುದಿಯಿಂದ ನೀರು ತಟ್... ತಟ್... ಅಂತ ಬೀಳಾಕತ್ತಿತ್ತು. ಮೇ ತಿಂಗಳು, ಆ ಹಳ್ಳ್ಯಾಗ ಕುಡಿಯಾಕ ನೀರಿಲ್ಲ.

"ಎದ್ದು ನೋಡಿದ್ರ ಇಲ್ಲಿತ್ರಿ," ಅಂದ್ಲು ಆಕಿ, ಕಸಬರಗಿ ಕೈಯಾಗೇ ಇತ್ತು. "ನೀವೇ ಕಳಿಸಿರಬೇಕು ಅಂದ್ಕೊಂಡೆ ಸಾರು. ನೀವೇ ಏನ್ರಿ?"

ಭೀಮಶಂಕರ ಕಂಬಳಿ ಕಡೆ ನೋಡಿದ. "ಹೂಂ ಅಮ್ಮ," ಅಂದ. "ತಡಾ ಆತು."

ಆಕಿ ಕಂಬಳಿ ಮ್ಯಾಲೆ ಒಮ್ಮೆ ಕೈ ಆಡಿಸಿ ಕಸ ಹೊಡಿಯಾಕ ಹೋದ್ಲು.

ಈಗ್ಲೂ ದಿನಾ ರಾತ್ರಿ ಹನ್ನೊಂದಕ್ಕ ನನ್ನ ತಮ್ಮನೇ ಏಳು ಕೊಡ ಹಾಕ್ತಾನ. ಮೋಟರ್ ಕೂಡಿಸ್ರಿ ಅಂದ್ರು ಮ್ಯಾಲಿನವರು, ಒಲ್ಲೆ ಅಂದ. ಹೆಗಲು ದಡ್ಡುಗಟ್ಟೈತಿ. ಐಜದಾಗ ಚೊಕ್ಕ ಕೇಳತೈತಿ, ಬೇಕಾದ್ರ ನಾಳೆ ಫೋನ್ ಹಚ್ಚಿ ಕೇಳ್ರಿ.

ನನ್ನ ನಾಲಿಗಿ ಸಾಕ್ಷಿ ಅಂದಿದ್ದೆನಲ್ಲ? ಪೆಂಟಮ್ಮ ಆ ಕಡೆ ತಿರಗಿದಾಗ ಕಂಬಳಿ ತುದಿಗೆ ಬೊಗಸಿ ಒಡ್ಡಿದೆ. ನಾಕು ಹನಿ ಬಿದ್ವು. ನಾಲಿಗಿಗೆ ಹಚ್ಚಿದೆ.

ಉಪ್ಪು.

ಗುಂಡಿಗೆ ಹಾಕೋ ಉಪ್ಪೋ, ಅವನ ಬೆವರೋ... ನನಗ ಗೊತ್ತಿಲ್ಲ. ನಗಬ್ಯಾಡ ರಜಿನಿ. ಉಪ್ಪಿತ್ತು. ನಾ ರುಚಿ ನೋಡೀನಿ.